ಕೇಂದ್ರದ್ದೋ ರಾಜ್ಯದ್ದೋ? ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನೌಕಾನೆಲೆ, ಅಣುಸ್ಥಾವರ, ರಾಷ್ಟ್ರೀಯ ಹೆದ್ದಾರಿ, ಕೊಂಕಣ ರೈಲು, ಬಂದರು, ಅಳಿವೆ, ಮೇಲೆ ಘಟ್ಟದ ಕಾಡು. ಇಷ್ಟೆಲ್ಲ ಒಂದೇ ಜಿಲ್ಲೆಯಲ್ಲಿ ಇರುವುದರಿಂದ ಎರಡು ಸರ್ಕಾರಗಳ ಅಧಿಕಾರ ಇಲ್ಲಿ ತಾಗುವಷ್ಟು ಬೇರೆ ಕಡೆ ತಾಗುವುದು ಕಡಿಮೆ. ಅರ್ಜಿ ಹಿಡಿದು ಹೋದವರಿಗೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಎರಡೂ ಕಡೆ ಸಿಗುತ್ತದೆ. ಹೆಚ್ಚಿನ ಸಲ ಇಬ್ಬರೂ ಹೇಳುವುದು ಅರ್ಧ ನಿಜ. ಉಳಿದರ್ಧ ಎಲ್ಲಿದೆ ಎಂದು ಹುಡುಕಲು ಈ ಪುಟ.

ಅಧಿಕಾರ ಹಂಚಿಕೆ ಎಲ್ಲಿ ಬರೆದಿದೆ?

ಸಂವಿಧಾನದ 246ನೇ ವಿಧಿ ಮತ್ತು ಏಳನೇ ಅನುಸೂಚಿಯಲ್ಲಿ. ಅಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಮೂಲದಲ್ಲಿ ಕ್ರಮವಾಗಿ 97, 66 ಮತ್ತು 47 ವಿಷಯಗಳಿದ್ದವು. ಆಮೇಲಿನ ತಿದ್ದುಪಡಿಗಳಲ್ಲಿ ಕೆಲವು ಬಿಟ್ಟುಹೋದವು, ಕೆಲವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಿದವು. ಮೂರರಲ್ಲೂ ಇಲ್ಲದ ವಿಷಯ 248ನೇ ವಿಧಿಯ ಪ್ರಕಾರ ಸಂಸತ್ತಿಗೆ ಸೇರುತ್ತದೆ.

ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಹೇಳುವುದಾದರೆ ಕೈಗಾದ ಅಣುಶಕ್ತಿ (ಕೇಂದ್ರ ಪಟ್ಟಿ, ನಮೂದು 6), ರೈಲು (22), ರಾಷ್ಟ್ರೀಯ ಹೆದ್ದಾರಿ (23), ದೀಪಸ್ತಂಭ (26), ಕರಾವಳಿ ಜಲದ ಆಚೆಗಿನ ಮೀನುಗಾರಿಕೆ (57) ಕೇಂದ್ರದವು. ಪೊಲೀಸ್, ಆರೋಗ್ಯ, ಕೃಷಿ, ನೀರು, ಭೂಮಿ, ಒಳಗಿನ ಮೀನುಗಾರಿಕೆ ರಾಜ್ಯದವು. ಅರಣ್ಯ, ವನ್ಯಪ್ರಾಣಿ, ವಿದ್ಯುತ್, ಸಣ್ಣ ಬಂದರು, ಭೂಸ್ವಾಧೀನ ಸಮವರ್ತಿ ಪಟ್ಟಿಯವು. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಉತ್ತರ ಕನ್ನಡದ ದೊಡ್ಡ ತಕರಾರುಗಳೆಲ್ಲ ಬಹುಪಾಲು ಅದೇ ಸಾಲಿನಲ್ಲಿವೆ.

ಪಟ್ಟಿ ನೋಡಿದರೆ ಸಾಕೆ?

ಸಾಲದು. ಪಟ್ಟಿ ಹೇಳುವುದು ಕಾನೂನು ಮಾಡುವ ಅಧಿಕಾರ ಯಾರದ್ದು ಎಂಬುದನ್ನು ಮಾತ್ರ. ಕೆಲಸ ಆಗಬೇಕಾದರೆ ನಾಲ್ಕು ಸಂಗತಿ ಬೇರೆ ಬೇರೆ ನೋಡಬೇಕು: ಕಾನೂನು ಯಾರದ್ದು, ನೆಲ ಯಾರದ್ದು, ದುಡ್ಡು ಯಾರದ್ದು, ಕೊನೆಯ ಸಹಿ ಯಾರದ್ದು.

ಕೈಗಾವನ್ನೇ ತೆಗೆದುಕೊಳ್ಳಿ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕ ನಡೆಸುವುದು ಕೇಂದ್ರದ ಅಣುವಿದ್ಯುತ್ ನಿಗಮ. ತಂಪು ಮಾಡುವ ನೀರು ಬರುವುದು ಕದ್ರಾ ಜಲಾಶಯದಿಂದ, ಅದು ರಾಜ್ಯದ ಕರ್ನಾಟಕ ವಿದ್ಯುತ್ ನಿಗಮದ್ದು. ಅವಘಡವಾದರೆ ಬೇಲಿಯೊಳಗಿನ ಜವಾಬ್ದಾರಿ ಸ್ಥಾವರದವರದು. ಬೇಲಿಯಾಚೆ ಹಳ್ಳಿಗಳನ್ನು ತೆರವು ಮಾಡಿಸುವುದು, ಬಸ್ಸು, ಆಶ್ರಯ, ಊಟ ನೋಡುವುದು ಜಿಲ್ಲಾಧಿಕಾರಿ, ಅಂದರೆ ರಾಜ್ಯ. ಆದ್ದರಿಂದ ನಮ್ಮೂರಿನ ತೆರವು ರಸ್ತೆ ಕಿರಿದಾಗಿದೆ ಎಂಬ ದೂರನ್ನು ದೆಹಲಿಗೆ ಬರೆದರೆ ತಿಂಗಳು ಕಳೆದ ಮೇಲೆ ಅದು ಕಾರವಾರಕ್ಕೇ ತಿರುಗಿ ಬರುತ್ತದೆ.

ಮೊದಲು ಕೊನೆಯ ಸಹಿ ಯಾರದ್ದೆಂದು ತಿಳಿದುಕೊಂಡು ಅಲ್ಲಿಂದ ಹಿಂದಕ್ಕೆ ನಡೆದು ಬನ್ನಿ. ಮೇಲಿನಿಂದ ಕೆಳಗೆ ಹುಡುಕುವವರೇ ಹೆಚ್ಚು ಅಲೆಯುವುದು.

ಸಮವರ್ತಿ ವಿಷಯದಲ್ಲಿ ಎರಡು ಕಾನೂನು ತಾಗಿದರೆ ಯಾವುದು ಗೆಲ್ಲುತ್ತದೆ?

254ನೇ ವಿಧಿ ಪ್ರಕಾರ ಕೇಂದ್ರದ್ದು. ರಾಜ್ಯದ ಕಾನೂನು ಪೂರ್ತಿ ಬಿದ್ದುಹೋಗುವುದಿಲ್ಲ, ತಾಗುವಷ್ಟು ಭಾಗ ಮಾತ್ರ ನಿರರ್ಥಕ. ಒಂದು ಕಿಂಡಿ ಇದೆ: ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಯ ಪರಿಶೀಲನೆಗೆ ಕಾದಿರಿಸಿ ಅಂಕಿತ ಸಿಕ್ಕಿದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನು ನಡೆಯುತ್ತದೆ. ಆ ಕಿಂಡಿಯನ್ನೂ ಸಂಸತ್ತು ಆಮೇಲೆ ಇನ್ನೊಂದು ಕಾನೂನು ಮಾಡಿ ಮುಚ್ಚಬಹುದು.

ಇದಲ್ಲದೆ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ತರಲು ಸಂಸತ್ತು ರಾಜ್ಯ ಪಟ್ಟಿಯ ವಿಷಯದ ಮೇಲೂ ಕಾನೂನು ಮಾಡಬಹುದು (253ನೇ ವಿಧಿ). 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿನಲ್ಲಿ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಗೆ ಬುಡ ಇದೇ ವಿಧಿ. ಕಡಲತೀರದ ಸಿಆರ್‌ಜಡ್ (ಕರಾವಳಿ ನಿಯಂತ್ರಣ ವಲಯ) ನಿಯಮ, ಪಶ್ಚಿಮ ಘಟ್ಟದ ಕರಡು ಅಧಿಸೂಚನೆ ಎರಡೂ ಆ ಕಾಯ್ದೆಯ ಟೊಂಗೆಗಳು.

ಅತಿಕ್ರಮಣ ಜಾಗಕ್ಕೆ ಪಟ್ಟಾ ಕೊಡಲು ರಾಜ್ಯಕ್ಕೆ ಏನು ಅಡ್ಡಿ?

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಉತ್ತರ ಮೂರು ಇಸವಿಗಳಲ್ಲಿದೆ.

1976ರವರೆಗೆ ಅರಣ್ಯ ರಾಜ್ಯ ಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಕೇಂದ್ರದ ಪೂರ್ವಾನುಮತಿ ಇಲ್ಲದೆ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ ಎಂದಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಅರಣ್ಯ’ ಎಂಬ ಪದಕ್ಕೆ ನಿಘಂಟಿನ ಅರ್ಥ ಕೊಟ್ಟು, ದಾಖಲೆಯಲ್ಲಿ ಅರಣ್ಯ ಎಂದಿರುವ ಎಲ್ಲ ಜಾಗಕ್ಕೂ, ಒಡೆಯ ಯಾರೇ ಇರಲಿ, ಈ ಕಾಯ್ದೆ ಅನ್ವಯ ಎಂದಿತು. ಆದ್ದರಿಂದ ಪಹಣಿಯಲ್ಲಿ ಸರ್ಕಾರದ ಹೆಸರಿದ್ದು ಸ್ವರೂಪದ ಕಾಲಂನಲ್ಲಿ ಅರಣ್ಯ ಎಂದಿದ್ದರೆ ತಹಶೀಲ್ದಾರರ ಕೈ ಅಲ್ಲಿಗೇ ಕಟ್ಟಿತು.

ಹಾಗಾದರೆ 27-4-1978ರ ಹಿಂದಿನ ಅತಿಕ್ರಮಣ ಎಂಬ ಮಾತು? ಅದು ಆ ದಿನಾಂಕಕ್ಕೂ ಮೊದಲಿನ ಸಾಗುವಳಿಯನ್ನು ಸಕ್ರಮ ಮಾಡಲು ಕರ್ನಾಟಕ ಗೊತ್ತುಮಾಡಿಕೊಂಡ ಗಡಿ. ಅದಕ್ಕೂ ಕೇಂದ್ರದ ಒಪ್ಪಿಗೆ ಬೇಕಾಯಿತು. ಆ ಪಟ್ಟಿಯಲ್ಲಿ ಹೆಸರಿದ್ದವರು ಮೊದಲು ಜಂಟಿ ಸಮೀಕ್ಷೆಯ ಪ್ರತಿ ತೆಗೆಸಿಕೊಳ್ಳಲಿ. ಕಂದಾಯ ಮತ್ತು ಅರಣ್ಯ ಇಲಾಖೆಗಳ ನಕ್ಷೆಗಳು ತಾಳೆಯಾಗದೆ ನಿಂತ ಕಡತಗಳು ಕಡಿಮೆ ಏನಲ್ಲ.

ಈಗ ಉಳಿದಿರುವ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಕಾನೂನು ಕೇಂದ್ರದ್ದು, ನಡೆಸುವವರು ರಾಜ್ಯದ ಅಧಿಕಾರಿಗಳು, ಮೊದಲ ನಿರ್ಣಯ ಗ್ರಾಮಸಭೆಯದ್ದು.

ಅರಣ್ಯ ಹಕ್ಕು ಅರ್ಜಿಯ ಹಂತಗಳು ಯಾವುವು? ಎಲ್ಲಿ ತಪ್ಪುತ್ತದೆ?

ವೈಯಕ್ತಿಕ ಹಕ್ಕಿಗೆ ನಮೂನೆ ‘ಎ’, ಸಮುದಾಯ ಹಕ್ಕಿಗೆ ‘ಬಿ’, ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ‘ಸಿ’. ಅರ್ಜಿ ಗ್ರಾಮಸಭೆಗೆ. ಅರಣ್ಯ ಹಕ್ಕು ಸಮಿತಿ ಜಾಗ ನೋಡಿ ವರದಿ ಕೊಡುತ್ತದೆ, ಗ್ರಾಮಸಭೆ ಠರಾವು ಮಾಡುತ್ತದೆ. ಅಲ್ಲಿಂದ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ, ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ಹಕ್ಕು ಕೊಡುವ ಕೊನೆಯ ಸಹಿ ಇದೇ ಜಿಲ್ಲಾ ಸಮಿತಿಯದ್ದು, ದೆಹಲಿಯದ್ದಲ್ಲ. ಗರಿಷ್ಠ 4 ಹೆಕ್ಟೇರ್, ಅದೂ ನಿಜವಾಗಿ ಅನುಭೋಗದಲ್ಲಿ ಇರುವಷ್ಟು ಮಾತ್ರ.

ಪರಿಶಿಷ್ಟ ಪಂಗಡದವರು 13-12-2005ಕ್ಕೆ ಅನುಭೋಗದಲ್ಲಿ ಇದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಲೆಕ್ಕ ಹಿಂದಕ್ಕೆ 1930ಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯ ಅರ್ಜಿಗಳು ಬೀಳುವುದು ಇಲ್ಲಿಯೇ. ಇಲ್ಲಿ ಒಂದು ಗೊಂದಲ ಬಿಡಿಸಬೇಕು: 75 ವರ್ಷ ಬೇಕಾಗಿರುವುದು ಆ ಪ್ರದೇಶದಲ್ಲಿ ವಾಸಕ್ಕೆ ಮತ್ತು ಕಾಡಿನ ಅವಲಂಬನೆಗೆ. ಅದೇ ಗುಂಟೆ ಜಾಗವನ್ನು 1930ರಿಂದ ಉಳುತ್ತಿದ್ದೆವು ಎಂದು ತೋರಿಸಬೇಕಾಗಿಲ್ಲ.

ಕನಿಷ್ಠ ಎರಡು ಸಾಕ್ಷ್ಯ ಬೇಕು. ಹಳೆಯ ಶಾಲಾ ದಾಖಲೆ, ಮತದಾರರ ಪಟ್ಟಿ, ದಂಡ ಕಟ್ಟಿದ ರಸೀದಿ, ಅರಣ್ಯ ಇಲಾಖೆ ಹಾಕಿದ ಕೇಸಿನ ಪ್ರತಿ, ಮನೆ, ಬಾವಿ, ಸಮಾಧಿ, ದೈವದ ಕಟ್ಟೆಯಂಥ ಕುರುಹು, ಊರ ಹಿರಿಯರ ಲಿಖಿತ ಹೇಳಿಕೆ ಎಲ್ಲವೂ ಆಗುತ್ತವೆ. ಒಮ್ಮೆ ದಂಡ ಹಾಕಿಸಿಕೊಂಡ ರಸೀದಿ ಇವತ್ತು ಆಸ್ತಿ ಆಗಿರುವುದು ಈ ಕಾಯ್ದೆಯ ಒಂದು ತಮಾಷೆ. ಇಂಥದ್ದೇ ದಾಖಲೆ ತನ್ನಿ ಎಂದು ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ನಿಯಮಗಳು ಹೇಳುತ್ತವೆ. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು. ಗ್ರಾಮಸಭೆಯ ಠರಾವಿನ ವಿರುದ್ಧ ಉಪವಿಭಾಗ ಸಮಿತಿಗೆ, ಅದರ ನಿರ್ಧಾರದ ವಿರುದ್ಧ ಜಿಲ್ಲಾ ಸಮಿತಿಗೆ ತಲಾ 60 ದಿನದೊಳಗೆ ಮೇಲ್ಮನವಿ. ಮಾತಿನಲ್ಲಿ ‘ರಿಜೆಕ್ಟ್ ಆಗಿದೆ’ ಎಂದು ಕೇಳಿ ಸುಮ್ಮನಾದವರು ಲಿಖಿತ ಆದೇಶದ ಪ್ರತಿ ಕೇಳಿ ಪಡೆಯಿರಿ.

ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರ ಹಾಜರಿ ಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಹಾಜರಿ ಪುಸ್ತಕದಲ್ಲಿ ಈ ಲೆಕ್ಕ ಕೂಡದಿದ್ದರೆ ಠರಾವೇ ಬೀಳುತ್ತದೆ. ಎಷ್ಟೋ ಸಲ ಅರ್ಜಿದಾರನ ತಪ್ಪೇ ಇರುವುದಿಲ್ಲ.

ಕಾಡೊಳಗಿನ ಊರಿಗೆ ರಸ್ತೆ, ಅಂಗನವಾಡಿ, ನೀರಿನ ಟ್ಯಾಂಕಿಗೂ ದೆಹಲಿಗೆ ಹೋಗಬೇಕೆ?

ಬೇಡ. ಅರಣ್ಯ ಹಕ್ಕು ಕಾಯ್ದೆಯ 3(2) ಕಲಂ ನೋಡಿ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕ ತಂತಿ, ಕುಡಿಯುವ ನೀರು, ರಸ್ತೆ, ಸಮುದಾಯ ಭವನ ಸೇರಿ 13 ಬಗೆಯ ಸರ್ಕಾರಿ ಸೌಲಭ್ಯಕ್ಕೆ ಪ್ರತಿ ಪ್ರಕರಣದಲ್ಲಿ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ) ಮಟ್ಟದಲ್ಲೇ ಅನುಮತಿ ಸಿಗುತ್ತದೆ. ಪಂಚಾಯಿತಿಯವರು ಈ ಕಲಂ ಬರೆಯದೆ ಬರೀ ‘ರಸ್ತೆಗೆ ಅನುಮತಿ ಕೋರಿ’ ಎಂದು ಕಳಿಸಿದಾಗ ಕಡತ 1980ರ ಕಾಯ್ದೆಯ ಉದ್ದದ ಹಾದಿ ಹಿಡಿಯುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ವನ್ಯಜೀವಿ ಕಾಯ್ದೆಯ ತಕರಾರು ಬೇರೆಯೇ ಏಳುತ್ತದೆ.

ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳದ್ದೇಕೆ ಆಗುತ್ತಿಲ್ಲ?

342ನೇ ವಿಧಿ ಪ್ರಕಾರ ಆ ಪಟ್ಟಿಗೆ ಹೆಸರು ಸೇರಿಸುವುದು ಸಂಸತ್ತಿನ ಕಾನೂನಿನಿಂದ ಮಾತ್ರ. ರಾಜ್ಯ ಸಂಪುಟದ ನಿರ್ಣಯ ಮೊದಲ ಮೆಟ್ಟಿಲು ಅಷ್ಟೇ. ಕುಲಶಾಸ್ತ್ರೀಯ ಅಧ್ಯಯನದ ಜೊತೆ ರಾಜ್ಯದ ಶಿಫಾರಸು ಹೋಗಬೇಕು. ಭಾರತದ ಮಹಾ ನೋಂದಣಾಧಿಕಾರಿ ಒಪ್ಪಬೇಕು, ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಒಪ್ಪಬೇಕು, ಆಮೇಲೆ ಕೇಂದ್ರ ಸಂಪುಟ, ಮಸೂದೆ. ನಡುವೆ ಎಲ್ಲಿ ಪ್ರಶ್ನೆ ಎದ್ದರೂ ಕಡತ ಬೆಂಗಳೂರಿಗೆ ವಾಪಸ್. ಹಿಂದುಳಿದ ವರ್ಗಗಳ ರಾಜ್ಯ ಪಟ್ಟಿ ಹಾಗಲ್ಲ. 2021ರ 105ನೇ ತಿದ್ದುಪಡಿಯ ಮೇಲೆ ಅದು ಪೂರ್ತಿ ರಾಜ್ಯದ ಕೈಯಲ್ಲಿದೆ. ಚುನಾವಣೆ ಹೊತ್ತಿಗೆ ‘ನಾವು ಗೆದ್ದರೆ ಎಸ್‌ಟಿಗೆ ಸೇರಿಸುತ್ತೇವೆ’ ಎನ್ನುವ ಶಾಸಕ ಸ್ಥಾನದ ಅಭ್ಯರ್ಥಿ ಹೇಳಬಹುದಾದದ್ದು ಇಷ್ಟೇ: ‘ಶಿಫಾರಸು ಮಾಡಿಸುತ್ತೇನೆ.’

ಸಮುದ್ರದಲ್ಲಿ ರಾಜ್ಯದ ಗಡಿ ಎಲ್ಲಿಗೆ ಮುಗಿಯುತ್ತದೆ?

12 ನಾಟಿಕಲ್ ಮೈಲಿಗೆ, ಸುಮಾರು 22 ಕಿಲೋಮೀಟರ್. ಅಲ್ಲಿಯವರೆಗೆ ಮೀನುಗಾರಿಕೆಯ ನಿಯಂತ್ರಣ 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ಕಾಯ್ದೆಯದ್ದು. ಅಲ್ಲಿಂದ 200 ಮೈಲಿವರೆಗಿನ ಆರ್ಥಿಕ ವಲಯ ಕೇಂದ್ರದ್ದು. ಮಳೆಗಾಲದ ನಿಷೇಧ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಹೊರಗೆ ಕೇಂದ್ರದ ಆದೇಶ, ಒಳಗೆ ರಾಜ್ಯದ ಆದೇಶ. ದಿನಾಂಕ ಒಂದೇ ಆದ್ದರಿಂದ ಎರಡಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ಯಾಂತ್ರೀಕೃತ ದೋಣಿಗಳಿಗೆ ಮತ್ತು 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ನಿನ ದೋಣಿಗಳಿಗೆ ಈ ತಡೆ, ಸಾಂಪ್ರದಾಯಿಕ ನಾಡದೋಣಿಗೆ ಅಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ 2017ರಲ್ಲಿ ಹೊರವಲಯದಲ್ಲಿ ನಿಷೇಧಿಸಿತು, ರಾಜ್ಯದ ನೀರಿನಲ್ಲೂ ನಿಷೇಧವಿದೆ. ಆದ್ದರಿಂದ ‘ನಾವು 12 ಮೈಲಿ ಆಚೆ ಇದ್ದೆವು’ ಎಂಬ ವಾದ ನಿಲ್ಲುವುದಿಲ್ಲ.

ಕಾರವಾರದವರಿಗೆ ಇನ್ನೊಂದು ಗಡಿಯೂ ಇದೆ. ಉತ್ತರಕ್ಕೆ ಸ್ವಲ್ಪ ಸರಿದರೆ ಗೋವಾದ ನೀರು. ಅಲ್ಲಿ ಗೋವಾದ 1980ರ ಕಾಯ್ದೆ ನಡೆಯುತ್ತದೆ, ಕರ್ನಾಟಕದ ಲೈಸೆನ್ಸ್ ನಡೆಯುವುದಿಲ್ಲ. ಬೋಟು ಹಿಡಿದರೆ ಬಿಡಿಸಿಕೊಳ್ಳಬೇಕಾದದ್ದು ಆ ರಾಜ್ಯದ ಮೀನುಗಾರಿಕೆ ಇಲಾಖೆಯಿಂದ. ಜಿಪಿಎಸ್ ದಾಖಲೆ ಅಳಿಸಬೇಡಿ, ವಾದಕ್ಕೆ ಇರುವ ಸಾಕ್ಷಿ ಅದೊಂದೇ.

ಅಪಾಯದ ಹೊತ್ತಿನಲ್ಲಿ ವ್ಯಾಪ್ತಿ ಹುಡುಕುತ್ತ ಕೂರಬೇಡಿ. ಕೋಸ್ಟ್ ಗಾರ್ಡ್ (ಕೇಂದ್ರ) 1554, ಕರಾವಳಿ ಕಾವಲು ಪೊಲೀಸ್ (ರಾಜ್ಯ) 1093. ಎರಡಕ್ಕೂ ಕರೆ ಮಾಡಿ.

ಬಂದರು ವಿಸ್ತರಣೆ ಬೇಕು ಅಥವಾ ಬೇಡ ಎಂದು ಯಾರಿಗೆ ಹೇಳಬೇಕು?

ಕರ್ನಾಟಕದಲ್ಲಿ ಕೇಂದ್ರದ ದೊಡ್ಡ ಬಂದರು ನವಮಂಗಳೂರು ಒಂದೇ. ಕಾರವಾರದ ಬೈತಕೋಲ್, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳ ಎಲ್ಲ ಸಣ್ಣ ಬಂದರುಗಳು, ಕರ್ನಾಟಕ ಮಾರಿಟೈಮ್ ಬೋರ್ಡಿನ ಕೆಳಗೆ ಬರುತ್ತವೆ. ಯೋಜನೆಗೆ ಕೇಂದ್ರದ ಸಾಗರಮಾಲಾ ಹಣ ಸೇರಿತೆಂದ ಮಾತ್ರಕ್ಕೆ ಬಂದರು ಕೇಂದ್ರದ್ದಾಗುವುದಿಲ್ಲ.

ಪರಿಸರ ಅನುಮತಿಯ ದಾರಿ ಬೇರೆ. ವರ್ಷಕ್ಕೆ 50 ಲಕ್ಷ ಟನ್ ಮತ್ತು ಅದಕ್ಕೂ ಹೆಚ್ಚು ಸರಕು ಸಾಗಿಸುವ ಬಂದರಿಗೆ ಕೇಂದ್ರ ಪರಿಸರ ಸಚಿವಾಲಯ, ಅದಕ್ಕಿಂತ ಕಡಿಮೆಯದ್ದಕ್ಕೆ ರಾಜ್ಯ ಮಟ್ಟದ ಪ್ರಾಧಿಕಾರ. ಎರಡಕ್ಕೂ ಮೊದಲು ಸಾರ್ವಜನಿಕ ಆಲಿಕೆ ಇರುತ್ತದೆ. ನಡೆಸುವುದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ, ಕನಿಷ್ಠ 30 ದಿನ ಮೊದಲು ಪ್ರಕಟಣೆ. ಘೋಷಣೆ ಕೂಗಿದ್ದು ಪತ್ರಿಕೆಯಲ್ಲಿ ಬರುತ್ತದೆ, ನಡಾವಳಿಯಲ್ಲಿ ಬರುವುದಿಲ್ಲ. ಆಕ್ಷೇಪ ಬರೆದು ಕೊಟ್ಟು ಸ್ವೀಕೃತಿ ಪಡೆದರೆ ಮಾತ್ರ ಆಮೇಲೆ ಹಸಿರು ನ್ಯಾಯಮಂಡಳಿಯಲ್ಲಿ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ಸಮುದ್ರದ ದಂಡೆಯಲ್ಲಿ ಮನೆ ಕಟ್ಟಲು, ಮರಳು ತೆಗೆಯಲು ಯಾರ ಅನುಮತಿ?

ಸಿಆರ್‌ಜಡ್ ಅಧಿಸೂಚನೆ ಕೇಂದ್ರದ್ದು, ಅದರ ನಕ್ಷೆ ತಯಾರಿಸುವುದು ರಾಜ್ಯ, ಮನೆಗೆ ಪರವಾನಗಿ ಕೊಡುವುದು ಪಂಚಾಯಿತಿ ಅಥವಾ ನಗರಸಭೆ. ಭರತರೇಖೆಯಿಂದ (ಉಬ್ಬರದ ನೀರು ಏರುವ ಗೆರೆ) 500 ಮೀಟರ್ ಒಳಗಿದ್ದರೆ ನಿಯಮ ಅನ್ವಯ. 2019ರ ಅಧಿಸೂಚನೆಯಂತೆ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿರುವ ಹಳ್ಳಿಯಲ್ಲಿ ಕಟ್ಟಬಾರದ ವಲಯ 50 ಮೀಟರ್, ಉಳಿದ ಹಳ್ಳಿಗಳಲ್ಲಿ 200 ಮೀಟರ್. ನಮ್ಮ ಕಡೆಯ ಹೆಚ್ಚಿನ ಹಳ್ಳಿಗಳು ಚದುರಿದ ಕೇರಿಗಳಾದ್ದರಿಂದ 200ರ ಲೆಕ್ಕವನ್ನೇ ಹಿಡಿದು ಹೊರಡುವುದು ಸುರಕ್ಷಿತ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಉಪ್ಪುನೀರು ಏರುವಷ್ಟು ದೂರ ಹೊಳೆದಂಡೆಗೂ ನಿಯಮ ಬರುತ್ತದೆ, ಅಲ್ಲಿ ಅಳತೆ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆ ಯಾವುದೋ ಅದು. ಕಟ್ಟಬಹುದಾದ ಜಾಗದಲ್ಲಿ ಸ್ವಂತ ವಾಸದ, 300 ಚದರ ಮೀಟರ್ ಒಳಗಿನ ಮನೆಗೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಇದು ಗೊತ್ತಿಲ್ಲದೆ ಸಣ್ಣ ಮನೆಯ ಕಡತವೂ ಬೆಂಗಳೂರಿಗೆ ಹೋಗಿ ಕೂರುವುದುಂಟು.

ಮರಳು ಕಿರುಖನಿಜ, ನಿಯಮ ಮಾಡುವ ಅಧಿಕಾರ ರಾಜ್ಯಕ್ಕೆ. ಆದರೆ ಸಿಆರ್‌ಜಡ್ ಒಳಗೆ ಗಣಿಗಾರಿಕೆ ನಿಷಿದ್ಧ. ದೋಣಿ ಓಡಾಟಕ್ಕೆ ಅಡ್ಡಿಯಾದ ಮರಳು ದಿಬ್ಬವನ್ನು ಯಂತ್ರವಿಲ್ಲದೆ ತೆಗೆಯಲು ಸಾಂಪ್ರದಾಯಿಕ ಸಮುದಾಯದವರಿಗೆ ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ಅನುಮತಿ ಕೊಡಬಹುದು. ಒಂದು ಜೆಸಿಬಿ ಇಳಿದರೂ ವಿನಾಯಿತಿ ಹೋಯಿತು.

ರಾಷ್ಟ್ರೀಯ ಹೆದ್ದಾರಿ 66ರ ಗುಂಡಿ, ಗುಡ್ಡ ಕುಸಿತ, ಪರಿಹಾರ: ಯಾರ ಬಳಿ?

ಮೊದಲು ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಹಳದಿ ಕಲ್ಲಿನ ರಸ್ತೆಗಳಲ್ಲೂ ಕೆಲವು ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿವೆ, ಕೆಲವನ್ನು ಕೇಂದ್ರದ ದುಡ್ಡಿನಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಪ್ರಾಧಿಕಾರದ ಸಹಾಯವಾಣಿ 1033.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಈ ಹಂಚಿಕೆ ಎಷ್ಟು ಸಿಕ್ಕಾಗಿದೆ ಎಂಬುದು ಎಲ್ಲರಿಗೂ ಕಂಡಿತು. ರಸ್ತೆ ಕೇಂದ್ರದ್ದು, ಮಣ್ಣು ಬಿದ್ದ ಗಂಗಾವಳಿ ರಾಜ್ಯದ್ದು, ಶೋಧದ ಹೊಣೆ ಜಿಲ್ಲಾಡಳಿತದ್ದು, ಕೆಲಸಕ್ಕೆ ಇಳಿದವರಲ್ಲಿ ರಾಜ್ಯದ ವಿಪತ್ತು ಪಡೆಯೂ ಇತ್ತು, ಕೇಂದ್ರದ ಪಡೆ, ಸೇನೆ, ನೌಕಾಪಡೆಯೂ ಇದ್ದವು. ಮೃತರ ಕುಟುಂಬಕ್ಕೆ ನಿಯಮದಂತೆ ಸಿಗುವ 4 ಲಕ್ಷ ರೂಪಾಯಿ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಹೆಸರು ರಾಜ್ಯದ್ದಾದರೂ ಅದರಲ್ಲಿ 75 ಪಾಲು ಕೇಂದ್ರದ ದುಡ್ಡು, 25 ಪಾಲು ರಾಜ್ಯದ್ದು. ಈ ಹಣಕ್ಕೆ ಅರ್ಜಿ ತಹಶೀಲ್ದಾರರಿಗೆ.

ಜಮೀನು ಹೋದವರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಜಮೀನು ಬೇಕೆಂದು ತಿಳಿಸುವ 3ಎ ಕಲಂ ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪ ಸಲ್ಲಿಸಬೇಕು. ಸ್ವಾಧೀನ ಘೋಷಿಸುವ 3ಡಿ ಪ್ರಕಟವಾದ ಕ್ಷಣಕ್ಕೆ ಭೂಮಿ ಕೇಂದ್ರಕ್ಕೆ ಸೇರುತ್ತದೆ, ಆಮೇಲೆ ಜಗಳ ಉಳಿಯುವುದು ದರದ ಮೇಲೆ ಮಾತ್ರ. ಪರಿಹಾರ ನಿಗದಿ ಮಾಡುವ ಸಕ್ಷಮ ಪ್ರಾಧಿಕಾರಿ ಸಾಮಾನ್ಯವಾಗಿ ರಾಜ್ಯದ ಕಂದಾಯ ಅಧಿಕಾರಿಯೇ. ಒಪ್ಪದಿದ್ದರೆ ಕೇಂದ್ರ ನೇಮಿಸಿದ ಮಧ್ಯಸ್ಥಗಾರರ ಬಳಿ, ಅಲ್ಲೂ ಒಪ್ಪದಿದ್ದರೆ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಲಯ. 2015ರ ಜನವರಿ 1ರಿಂದ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ, ಶೇ 100 ಸಾಂತ್ವನ ಮೊತ್ತ ಸೇರಿ, ಹೆದ್ದಾರಿ ಭೂಮಿಗೂ ಬರುತ್ತದೆ. ಸಾಮಾನ್ಯವಾಗಿ ತಪ್ಪುವುದು ಮರಗಳ ಎಣಿಕೆಯಲ್ಲಿ. ಜಂಟಿ ಅಳತೆಯ ದಿನ ತೆಂಗು, ಗೇರು, ಮಾವು ಎಷ್ಟೆಂದು ಮಹಜರಿನಲ್ಲಿ ಬರೆಸಿ ಸಹಿ ಹಾಕಿ, ಖಾಲಿ ಮಹಜರಿಗೆ ಸಹಿ ಬೇಡ.

ಸೀಬರ್ಡ್ ನಿರಾಶ್ರಿತರ ಪರಿಹಾರ ಅಷ್ಟು ತಡವಾಗಿದ್ದೇಕೆ?

ಸೀಬರ್ಡ್ ಅಂದರೆ ಕಾರವಾರದ ನೌಕಾನೆಲೆ ಯೋಜನೆ. 1986ರಲ್ಲಿ ಶಿಲಾನ್ಯಾಸ, 2005ರಲ್ಲಿ ಕದಂಬ ನೆಲೆಯ ಕಾರ್ಯಾರಂಭ. ಭೂಮಿ ವಶಪಡಿಸಿಕೊಂಡದ್ದು 1894ರ ಕಾಯ್ದೆಯಡಿ ರಾಜ್ಯದ ಭೂಸ್ವಾಧೀನ ಅಧಿಕಾರಿ, ದುಡ್ಡು ಕೊಡಬೇಕಾದದ್ದು ರಕ್ಷಣಾ ಸಚಿವಾಲಯ. ನ್ಯಾಯಾಲಯ ದರ ಹೆಚ್ಚಿಸಿದಾಗ ಆದೇಶ ಕಾರವಾರದಲ್ಲಿ, ಖಜಾನೆ ದೆಹಲಿಯಲ್ಲಿ. ಪಕ್ಕದವರ ಜಮೀನಿಗೆ ಕೋರ್ಟು ಹೆಚ್ಚು ಕೊಟ್ಟಾಗ ಕೋರ್ಟಿಗೆ ಹೋಗದವರೂ 28ಎ ಕಲಂ ಕೆಳಗೆ ಅದೇ ದರ ಕೇಳಬಹುದಿತ್ತು, ಆದರೆ ಮೂರು ತಿಂಗಳ ಗಡುವಿನಲ್ಲಿ. ಆ ಗಡುವು ಗೊತ್ತಿಲ್ಲದವರು ಕಳೆದುಕೊಂಡರು.

ಕಸ್ತೂರಿರಂಗನ್ ವರದಿಯನ್ನು ರಾಜ್ಯ ತಿರಸ್ಕರಿಸಿದೆಯಲ್ಲ, ಮುಗಿಯಿತಲ್ಲವೆ?

ಮುಗಿದಿಲ್ಲ. ಪಶ್ಚಿಮ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಯಾವುದೆಂದು ಗುರುತಿಸಿದ ವರದಿ ಅದು. ಅದರ ಮೇಲೆ 2014ರಿಂದ ಕೇಂದ್ರ ಮತ್ತೆ ಮತ್ತೆ ಕರಡು ಹೊರಡಿಸಿದೆ, ಆರನೆಯದು 2024ರ ಜುಲೈ 31ರದ್ದು. ಅದರಲ್ಲಿ ಕರ್ನಾಟಕದ್ದು 20,668 ಚದರ ಕಿಲೋಮೀಟರ್. ಗಡುವಿನೊಳಗೆ ಅಂತಿಮವಾಗದ ಕರಡು ತಾನಾಗಿ ಬೀಳುತ್ತದೆ, ಅದಕ್ಕೇ ಮತ್ತೆ ಮತ್ತೆ ಹೊಸದು. ರಾಜ್ಯ ಸಂಪುಟದ ತಿರಸ್ಕಾರಕ್ಕೆ ರಾಜಕೀಯ ತೂಕ ಇದೆ, ತಡೆಯುವ ಕಾನೂನು ಬಲ ಇಲ್ಲ. 1986ರ ಕಾಯ್ದೆಯ ಸಹಿ ಕೇಂದ್ರದ್ದು.

ಕರಡಿನಲ್ಲಿ ನಿಷೇಧ ಇರುವುದು ಗಣಿ, ಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು ವರ್ಗ’ದ ಉದ್ದಿಮೆ, 20,000 ಚದರ ಮೀಟರಿಗೂ ಹೆಚ್ಚಿನ ಕಟ್ಟಡಗಳಿಗೆ. ಅಡಿಕೆ ತೋಟ, ಗದ್ದೆ, ಮನೆ ದುರಸ್ತಿ, ಜಮೀನಿನ ಮಾರಾಟ ಇವುಗಳಿಗೆ ನಿಷೇಧವಿಲ್ಲ. ವಿರೋಧಿಸುವವರೂ ಬೆಂಬಲಿಸುವವರೂ ಕರಡು ಓದಿ ಮಾತಾಡಿದರೆ ಅರ್ಧ ಗದ್ದಲ ತಗ್ಗೀತು. ಆಕ್ಷೇಪಕ್ಕೆ ಪ್ರಕಟಣೆಯಿಂದ 60 ದಿನ. ನಿಮ್ಮ ಗ್ರಾಮದ ಹೆಸರು ಪಟ್ಟಿಯಲ್ಲಿ ಯಾವ ತಾಲ್ಲೂಕಿನ ಕೆಳಗಿದೆ ಎಂದು ನೋಡಿ ಆ ಹೆಸರಿನಲ್ಲೇ ಬರೆಯಿರಿ.

ನಮ್ಮ ಹೊಳೆಗಳ ಮೇಲೆ ಕೇಂದ್ರಕ್ಕೆ ಹಕ್ಕಿದೆಯೆ?

ಕಾಳಿ, ಬೇಡ್ತಿ (ಗಂಗಾವಳಿ), ಅಘನಾಶಿನಿ, ಶರಾವತಿ ನಾಲ್ಕೂ ಕರ್ನಾಟಕದಲ್ಲೇ ಹುಟ್ಟಿ ಇಲ್ಲಿಯೇ ಕಡಲು ಸೇರುತ್ತವೆ. ಹಾಗಾಗಿ ಕಾವೇರಿ, ಮಹದಾಯಿಯಂತೆ ಇವಕ್ಕೆ ನ್ಯಾಯಮಂಡಳಿಯ ಪ್ರಶ್ನೆ ಇಲ್ಲ. ನೀರು ರಾಜ್ಯದ್ದು. ಆದರೆ ನೀರಿನ ಸುತ್ತಲ ಕಾಡಿಗೆ ಕೇಂದ್ರದ ಸಹಿ ಬೇಕು. ರಾಜ್ಯ ವಿದ್ಯುತ್ ನಿಗಮದ 2,000 ಮೆಗಾವ್ಯಾಟ್ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಅಭಯಾರಣ್ಯ ತಾಗುವುದರಿಂದ ವನ್ಯಜೀವಿ, ಅರಣ್ಯ, ಪರಿಸರ ಮೂರೂ ಅನುಮತಿಗಳಿಗೆ ದೆಹಲಿ ಬಾಗಿಲು ತಟ್ಟಲೇಬೇಕು. ಬೇಡ್ತಿ-ವರದಾ ಜೋಡಣೆಗೂ ಅದೇ ಹಾದಿ.

ಅಡಿಕೆ ದರ, ಆಮದು, ವಿಮೆ: ಯಾರನ್ನು ಹಿಡಿಯಬೇಕು?

ಆಮದು ಪೂರ್ತಿ ಕೇಂದ್ರದ್ದು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಜಿಎಸ್‌ಟಿ ದರ ನಿರ್ಧಾರ ಮಂಡಳಿಯದ್ದು. ಅಲ್ಲಿ ಕೇಂದ್ರದ ಮತ ಮೂರನೇ ಒಂದು, ಎಲ್ಲ ರಾಜ್ಯ ಸೇರಿ ಮೂರನೇ ಎರಡು, ಪಾಸಾಗಲು ನಾಲ್ಕನೇ ಮೂರು. ಲೆಕ್ಕ ಹಾಕಿ ನೋಡಿ: ಕೇಂದ್ರ ಬೇಡವೆಂದರೆ ಎಲ್ಲ ರಾಜ್ಯ ಒಟ್ಟಾದರೂ ಏನೂ ಆಗದು. ಶಿರಸಿಯ ಸಹಕಾರಿ ಸಂಘಗಳು ರಾಜ್ಯದ ಸಹಕಾರ ಕಾಯ್ದೆಯಡಿ, ಎಪಿಎಂಸಿ ಕೂಡ ರಾಜ್ಯದ್ದು.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನ ಕಂತು ವಿಮಾ ಮೊತ್ತದ ಶೇ 5, ಉಳಿದದ್ದು ಎರಡೂ ಸರ್ಕಾರ ಹಂಚಿಕೊಳ್ಳುತ್ತವೆ. ಬೆಳೆ, ಪಂಚಾಯಿತಿ ಅಧಿಸೂಚಿಸುವುದು, ಕಂಪನಿ ಆರಿಸುವುದು ರಾಜ್ಯ. ಇಲ್ಲಿ ನಿಮ್ಮ ತೋಟದ ಕೊಳೆರೋಗ ನೋಡಿ ದುಡ್ಡು ಕೊಡುವುದಿಲ್ಲ, ಪಂಚಾಯಿತಿಯ ಮಳೆಮಾಪಕದ ಅಂಕಿ ನೋಡಿ ಕೊಡುತ್ತಾರೆ. ಮಾಪಕ ಕೆಟ್ಟರೆ ಪರಿಹಾರವೂ ಕೆಟ್ಟಿತು. ಆದ್ದರಿಂದ ಜೂನ್‌ನಲ್ಲೇ ಮಾಪಕ ನಡೆಯುತ್ತಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ, ಕೆಟ್ಟಿದ್ದರೆ ಆಗಲೇ ತೋಟಗಾರಿಕೆ ಇಲಾಖೆಗೆ ಬರೆಯಿರಿ. ಇನ್ನೊಂದು ಕಂಟಕ ಬೆಳೆ ಸಮೀಕ್ಷೆ: ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಅಡಿಕೆ ಬದಲು ಬೇರೆ ಬೆಳೆ ದಾಖಲಾಗಿದ್ದರೆ ವಿಮೆ ತಿರಸ್ಕೃತವಾಗುತ್ತದೆ.

ಕಾಡು ಉಳಿಸಿದ ಜಿಲ್ಲೆಗೆ ತೆರಿಗೆ ಪಾಲು ಹೆಚ್ಚು ಬರುತ್ತದೆಯೆ?

ರಾಜ್ಯಕ್ಕೆ ಬರುತ್ತದೆ, ಜಿಲ್ಲೆಗೆ ಎಂದಲ್ಲ. 2021-26ಕ್ಕೆ 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ಪಾಲನ್ನು ಶೇ 41 ಎಂದಿತು. ಸೂತ್ರದಲ್ಲಿ ಅರಣ್ಯಕ್ಕೆ 10 ಅಂಕ, ತಲಾದಾಯದ ಅಂತರಕ್ಕೆ 45. ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದು ಮುಖ್ಯವಾಗಿ ಆ 45ರಿಂದ. ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಗೆ ಬರುವುದೇ ಇಲ್ಲ. ರಾಜ್ಯದೊಳಗೆ ಅರಣ್ಯ ಹೆಚ್ಚಿರುವ ಜಿಲ್ಲೆಗೆ ಇಂತಿಷ್ಟು ಎಂದು ಕೇಳಬೇಕಾದರೆ ಅದು ವಿಧಾನಸೌಧದ ಎದುರು ಕೇಳಬೇಕಾದ ಮಾತು. ನಮ್ಮವರು ಅದನ್ನು ಹೆಚ್ಚಾಗಿ ದೆಹಲಿಯ ಕಡೆ ತಿರುಗಿ ಹೇಳುತ್ತಾರೆ.

ರಾಜ್ಯ ಸರ್ಕಾರವನ್ನೇ ಕೇಂದ್ರ ವಜಾ ಮಾಡಬಹುದೆ?

356ನೇ ವಿಧಿ ಇದೆ, ಆದರೆ ಹಿಂದಿನಷ್ಟು ಸಲೀಸಲ್ಲ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು, ವಜಾ ಆದೇಶವನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದಿತು.

ಸಿಬಿಐ ಬೇಲೆಕೇರಿಗೆ ಬರಬೇಕಾದರೆ ರಾಜ್ಯದ ಒಪ್ಪಿಗೆ ಬೇಕಿತ್ತೆ?

ಸಾಮಾನ್ಯವಾಗಿ ಬೇಕು, ಪೊಲೀಸ್ ರಾಜ್ಯದ ವಿಷಯ. ಕರ್ನಾಟಕ ತನ್ನ ಸಾಮಾನ್ಯ ಒಪ್ಪಿಗೆಯನ್ನು 2024ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದುಕೊಂಡಿದೆ. ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ಆದೇಶಿಸಿದರೆ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ. ಬೇಲೆಕೇರಿ ಬಂದರಿನಿಂದ ಅಕ್ರಮವಾಗಿ ಸಾಗಿಸಿದ ಅದಿರಿನ ತನಿಖೆ ಆ ದಾರಿಯದ್ದು.

ಕಾರವಾರವನ್ನು ಬೇರೆ ರಾಜ್ಯಕ್ಕೆ ಸೇರಿಸಿಬಿಡುತ್ತಾರೆಯೆ?

ಗಡಿ ಬದಲಿಸುವುದು 3ನೇ ವಿಧಿಯಡಿ ಸಂಸತ್ತು ಮಾತ್ರ. ರಾಜ್ಯ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. ಈ ಜಿಲ್ಲೆ ಮುಂಬಯಿ ರಾಜ್ಯದಿಂದ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದದ್ದು ಸಂಸತ್ತಿನ ಕಾನೂನಿನಿಂದಲೇ. ಮಹಾರಾಷ್ಟ್ರ 2004ರಲ್ಲಿ ಹೂಡಿದ ಗಡಿ ದಾವೆ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿದೆ.

ಸಂಸದರಿಗೆ ಹೇಳಬೇಕೋ ಶಾಸಕರಿಗೋ? ಮಾಹಿತಿ ಹಕ್ಕು ಅರ್ಜಿ ಎಲ್ಲಿಗೆ?

ಕೇಂದ್ರದ ದುಡ್ಡು ಸೇರಿದ ಯೋಜನೆಗಳ ಪರಿಶೀಲನೆಗೆ ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿ ಇದೆ, ರಾಜ್ಯದ್ದಕ್ಕೆ ಉಸ್ತುವಾರಿ ಸಚಿವರ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆ. ಜಲಜೀವನ್‌ನಂಥ ಅರ್ಧರ್ಧ ಪಾಲಿನ ಯೋಜನೆ ಎರಡೂ ಕಡೆ ಬರುತ್ತದೆ. ಸಭೆಗೆ ವಾರ ಮೊದಲೇ ಸರ್ವೆ ನಂಬರ್, ಕಾಮಗಾರಿ ಹೆಸರು ಸಮೇತ ಒಂದು ಪುಟದ ಮನವಿ ಕೊಟ್ಟರೆ ಕಾರ್ಯಸೂಚಿಗೆ ಸೇರುವ ಸಂಭವ ಇರುತ್ತದೆ. ಸಭೆಯ ದಿನ ಬಾಗಿಲಲ್ಲಿ ಕೊಟ್ಟದ್ದು ಫೈಲಿನೊಳಗೆ ಹೋಗುತ್ತದೆ, ಅಷ್ಟೇ.

ಮಾಹಿತಿ ಹಕ್ಕಿಗೆ ಎರಡೂ ಕಡೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರೈಲು, ಹೆದ್ದಾರಿ ಪ್ರಾಧಿಕಾರ, ನೌಕಾನೆಲೆಗೆ ಕೇಂದ್ರದ ಆನ್‌ಲೈನ್ ಪೋರ್ಟಲ್. ಅರಣ್ಯ, ಕಂದಾಯ, ಬಂದರು, ಮೀನುಗಾರಿಕೆಗೆ ರಾಜ್ಯ. ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕೇಂದ್ರಕ್ಕೆ ಬರೆದ ಉದ್ದದ ಅರ್ಜಿಯನ್ನೇ ನಕಲು ಮಾಡಿ ರಾಜ್ಯಕ್ಕೆ ಕೊಟ್ಟರೆ ವಾಪಸ್ ಬರುತ್ತದೆ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದಾಗ ಅದರಲ್ಲಿ ಕರ್ನಾಟಕದ್ದೂ ಶೇ 15 ಪಾಲಿತ್ತು. ಆದರೂ ಕೇಂದ್ರದ ಪಾಲೇ ದೊಡ್ಡದಾದ್ದರಿಂದ ಅರ್ಜಿ ಕೇಂದ್ರದ ದಾರಿಯಲ್ಲೇ.

ತಪ್ಪು ಕಚೇರಿಗೆ ಹೋದರೆ 6(3) ಕಲಂ ಪ್ರಕಾರ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬಾಯಲ್ಲಿ ಹೇಳಿದವರ ಬಳಿ ಇದನ್ನೇ ಬಳಸಿ. ‘ಈ ಸರ್ವೆ ನಂಬರಿನ ಈ ಕಾಮಗಾರಿಗೆ ಅಂತಿಮ ಮಂಜೂರಾತಿ ನೀಡುವ ಅಧಿಕಾರಿಯ ಹುದ್ದೆ ಯಾವುದು, ಆ ಆದೇಶದ ಪ್ರತಿ ಕೊಡಿ’ ಎಂದು ಒಂದೇ ಪ್ರಶ್ನೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಎರಡನೆಯದು: ರಾಜ್ಯದ ಕಚೇರಿಯಾದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ, ಕೇಂದ್ರದ್ದಾದರೆ ಕೇಂದ್ರ ಮಾಹಿತಿ ಆಯೋಗಕ್ಕೆ.